ಪರಿಸರಕ್ಕೆ ಒಗ್ಗುವ ಮನೆ: ಕಡೂರು, ತರೀಕೆರೆ, ಅಜ್ಜಂಪುರದ ಪಾಠ



ಪರಿಸರ ಎಂದೊಡನೆ ನಮ್ಮ ಕಣ್ಣ ಮುಂದೆ ಕಾಡು, ಹುಲಿ, ನದಿ, ಕಾರ್ಖಾನೆಯ ಹೊಗೆ ಇವೆಲ್ಲ ಬರುತ್ತವೆ. ನಾವು ಮಲಗಿ ಏಳುವ ಮನೆ ಮಾತ್ರ ನೆನಪಿಗೆ ಬರುವುದಿಲ್ಲ. ಆದರೆ ನೀರನ್ನು ಖರ್ಚು ಮಾಡುವುದು ಮನೆಯಲ್ಲಿ, ಸೌದೆ ಉರಿಸುವುದು ಮನೆಯಲ್ಲಿ, ದೀಪ ಹಚ್ಚುವುದು ಮನೆಯಲ್ಲಿ, ಕಸ ಹುಟ್ಟುವುದೂ ಮನೆಯಲ್ಲಿಯೇ. ಆದುದರಿಂದ ಪರಿಸರ ರಕ್ಷಣೆಯ ಮೊದಲ ಪಾಠವನ್ನು ಸೂರಿನ ಕೆಳಗಿನಿಂದಲೇ ಆರಂಭಿಸಬೇಕು. ಚಿಕ್ಕಮಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳನ್ನು, ಅಂದರೆ ಕಡೂರು, ತರೀಕೆರೆ ಮತ್ತು ಅಜ್ಜಂಪುರವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ವಿಚಾರ ಮಾಡೋಣ.

ಈ ಮೂರನ್ನೇ ಏಕೆ ಆರಿಸಿಕೊಂಡೆ ಎಂದು ನೀವು ಕೇಳಬಹುದು. ಬೆಂಗಳೂರಿನಿಂದ ಹೊರಟ ರೈಲು ಕಡೂರು ದಾಟಿ ಬೀರೂರು ಜಂಕ್ಷನ್ನಿಗೆ ಬರುತ್ತದೆ. ಅಲ್ಲಿ ಹಳಿ ಎರಡಾಗಿ ಕವಲೊಡೆಯುತ್ತದೆ. ಒಂದು ಹಳಿ ತರೀಕೆರೆಯ ಮೇಲೆ ಹಾದು ಶಿವಮೊಗ್ಗದ ಕಡೆಗೆ, ಅಂದರೆ ಮಳೆಯ ನಾಡಿಗೆ ಹೋಗುತ್ತದೆ. ಇನ್ನೊಂದು ಹಳಿ ಅಜ್ಜಂಪುರದ ಮೇಲೆ ಹುಬ್ಬಳ್ಳಿಯ ಕಡೆಗೆ, ಅಂದರೆ ಬಯಲುಸೀಮೆಯ ಎರೆನೆಲಕ್ಕೆ ಹೋಗುತ್ತದೆ. ಒಂದು ಗಂಟೆಯ ಪ್ರಯಾಣದೊಳಗೆ ತೆಂಗಿನ ತೋಟ, ಅಡಿಕೆ ತೋಟ, ಈರುಳ್ಳಿಯ ಹೊಲ ಮೂರನ್ನೂ ನೀವು ಕಾಣುತ್ತೀರಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದೆ, ಕೆಮ್ಮಣ್ಣುಗುಂಡಿಯ ತಂಪು ಬೆಟ್ಟವಿದೆ. ಬಾಬಾಬುಡನ್ ಗಿರಿಯ ಮಳೆ ನೆರಳಿನಲ್ಲಿರುವ ಕಡೂರಿನಲ್ಲಾದರೋ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಹಿಂದೆ ತರೀಕೆರೆ ತಾಲ್ಲೂಕಿಗೇ ಸೇರಿದ್ದು, ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾದ ಅಜ್ಜಂಪುರವೂ ಬಯಲುಸೀಮೆಯ ಲಕ್ಷಣವುಳ್ಳದ್ದೇ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಎಲ್ಲ ಊರಿಗೂ ಸಲ್ಲುವ ಒಂದೇ ಬಗೆಯ ಪರಿಸರಸ್ನೇಹಿ ಮನೆ ಎಂಬುದು ಇಲ್ಲ. ಆಯಾ ನೆಲದ ಮಳೆ, ಮಣ್ಣು, ಬಿಸಿಲು, ಬೆಳೆ ಇವುಗಳಿಗೆ ಒಗ್ಗುವ ಮನೆಯೇ ಪರಿಸರಕ್ಕೆ ಒಗ್ಗುವ ಮನೆ.

ಗೋಡೆ ಮತ್ತು ಮಾಡು

ನಮ್ಮ ಹಿರಿಯರು ಈ ಸತ್ಯವನ್ನು ಅನುಭವದಿಂದ ಅರಿತಿದ್ದರು. ಮಲೆನಾಡಿನ ಸೆರಗಿನಲ್ಲಿ ಇಳಿಜಾರು ಮಾಡು, ಉದ್ದನೆಯ ಸೂರು, ಮಳೆ ಗೋಡೆಗೆ ಹೊಡೆಯದಂತೆ ಸುತ್ತ ಜಗಲಿ. ಬಯಲುಸೀಮೆಯ ಕಡೆಗೆ ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣು ಹಾಸಿದ ಮಾಳಿಗೆ, ಬೆಳಕಿಗೆ ಮತ್ತು ಗಾಳಿಗೆ ಒಂದು ಗವಾಕ್ಷಿ. ದಪ್ಪ ಮಣ್ಣಿನ ಗೋಡೆ ಹಗಲಿನ ಬಿಸಿಲನ್ನು ಹೀರಿಕೊಂಡು ನಿಧಾನವಾಗಿ ಬಿಡುತ್ತದೆ. ಆದುದರಿಂದ ಏಪ್ರಿಲ್ ತಿಂಗಳ ನಡುಹಗಲಿನಲ್ಲೂ ಒಳಗೆ ತಂಪಾಗಿರುತ್ತದೆ.

ಈಗ ಮೂರೂ ಊರುಗಳಲ್ಲಿ ಒಂದೇ ನಮೂನೆಯ ಆರ್.ಸಿ.ಸಿ. ಮನೆಗಳು ಏಳುತ್ತಿವೆ. ಕಾಂಕ್ರೀಟ್ ಚಾವಣಿ ಗಟ್ಟಿ, ಮಳೆಗೆ ಭದ್ರ. ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಬಿಸಿಲಿಗೆ ಕಾದ ಚಾವಣಿ ರಾತ್ರಿಯಿಡೀ ಶಾಖವನ್ನು ಕೆಳಕ್ಕೆ ಸುರಿಸುತ್ತದೆ. ಫ್ಯಾನು ತಿರುಗಿದಷ್ಟೂ ಬಿಸಿಗಾಳಿಯೇ. ಸಿಮೆಂಟಿನ ತಯಾರಿಕೆಯಲ್ಲಿ ಸುಣ್ಣದ ಕಲ್ಲನ್ನು ಬಹಳ ಹೆಚ್ಚಿನ ಉಷ್ಣತೆಯಲ್ಲಿ ಸುಡಬೇಕಾಗುತ್ತದೆ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇಕಡಾ 7ರಿಂದ 8ರಷ್ಟು ಈ ಒಂದು ಉದ್ಯಮದ್ದು.

ಇದಕ್ಕೆ ಪರಿಹಾರ ನಮ್ಮ ರಾಜ್ಯದಲ್ಲಿಯೇ ರೂಪುಗೊಂಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ‘ಅಸ್ತ್ರ’ ಎಂಬ ಕೇಂದ್ರ ಆರಂಭವಾಯಿತು. ವಿಜ್ಞಾನವನ್ನು ಹಳ್ಳಿಯ ಉಪಯೋಗಕ್ಕೆ ತರುವುದು ಅದರ ಉದ್ದೇಶ. ಅಲ್ಲಿನ ವಿಜ್ಞಾನಿಗಳು ಮಣ್ಣಿಗೆ ಮರಳನ್ನೂ ಸ್ವಲ್ಪ ಸಿಮೆಂಟನ್ನೂ ಬೆರೆಸಿ, ಕೈಯಂತ್ರದಲ್ಲಿ ಅದುಮಿ ಇಟ್ಟಿಗೆ ಮಾಡುವ ವಿಧಾನವನ್ನು ಬಳಕೆಗೆ ತಂದರು. ಈ ಇಟ್ಟಿಗೆಯನ್ನು ಸುಡುವಂತಿಲ್ಲ, ನೆರಳಿನಲ್ಲಿ ನೀರುಣಿಸಿ ಹದಗೊಳಿಸಿದರೆ ಸಾಕು. ಹಾಗಾಗಿ ಭಟ್ಟಿಗೆ ಬೇಕಾದ ಸೌದೆ ಉಳಿಯುತ್ತದೆ. ಆದರೆ ಇಲ್ಲಿಯೂ ನೆಲವನ್ನು ಕೇಳಬೇಕು. ಕಡೂರಿನ ಕೆಂಪುಮಣ್ಣು ಈ ಕೆಲಸಕ್ಕೆ ಒಗ್ಗುತ್ತದೆ. ಅಜ್ಜಂಪುರದ ಎರೆಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುವಂಥದು. ಅದು ಹತ್ತಿಗೆ ಒಳ್ಳೆಯದು, ಗೋಡೆಗೆ ಒಳ್ಳೆಯದಲ್ಲ. ಅಲ್ಲಿ ಮನೆ ಕಟ್ಟುವವರು ಮೊದಲು ಯೋಚಿಸಬೇಕಾದದ್ದು ಅಡಿಪಾಯವನ್ನು.

ಈಗಾಗಲೇ ಆರ್.ಸಿ.ಸಿ. ಮನೆಯಲ್ಲಿ ಇರುವವರು ಏನು ಮಾಡಬೇಕು? ಬೇಸಿಗೆಗೆ ಮೊದಲು ಚಾವಣಿಗೆ ದಟ್ಟವಾಗಿ ಬಿಳಿ ಸುಣ್ಣ ಹೊಡೆಯಬಹುದು. ಬಿಳಿ ಬಣ್ಣ ಬಿಸಿಲನ್ನು ಹಿಂದಕ್ಕೆ ಕಳುಹಿಸುತ್ತದೆ. ಪಡುವಣ ಗೋಡೆಯ ಮಗ್ಗುಲಲ್ಲಿ ಒಂದು ನುಗ್ಗೆಯನ್ನೋ ಹೊಂಗೆಯನ್ನೋ ಬೆಳೆಸಬಹುದು. ಇವೆರಡೂ ಬಡವರ ಕೈಗೂ ಎಟಕುವ ಉಪಾಯಗಳು.

ಚಾವಣಿಯ ಮೇಲಿನ ಬಾವಿ

ಈಗ ನೀರಿನ ವಿಚಾರ. ಕಡೂರು ಸೀಮೆಯ ಮನೆಗಳಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಮತ್ತೊಂದಿಲ್ಲ.

ವೇದಾ ಮತ್ತು ಆವತಿ ಎಂಬ ಎರಡು ಹೊಳೆಗಳು ಬೆಟ್ಟದಿಂದಿಳಿದು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಸಖರಾಯಪಟ್ಟಣದ ಅಯ್ಯನಕೆರೆ, ಎಮ್ಮೆದೊಡ್ಡಿಯ ಕಡೆಯ ಮದಗದ ಕೆರೆ ಇವು ಈ ಸೀಮೆಯನ್ನು ಶತಮಾನಗಳಿಂದ ಸಾಕಿದ ಕೆರೆಗಳು. ಇಷ್ಟಿದ್ದರೂ ಕೊಳವೆಬಾವಿ ಬಂದ ಮೇಲೆ ನೆಲದೊಳಗಿನ ನೀರನ್ನು ಮಳೆ ತುಂಬುವುದಕ್ಕಿಂತ ವೇಗವಾಗಿ ನಾವು ಎತ್ತತೊಡಗಿದೆವು. ಅಂತರ್ಜಲದ ಸರ್ಕಾರಿ ಮೌಲ್ಯಮಾಪನಗಳಲ್ಲಿ ಕಡೂರು ತಾಲ್ಲೂಕು ಅತಿಬಳಕೆಯ ಪಟ್ಟಿಯಲ್ಲಿ ಕಾಣಿಸಿಕೊಂಡಿದೆ. 2016ರ ಆಸುಪಾಸಿನ ಸತತ ಬರಗಾಲದಲ್ಲಿ ನೆಟ್ಟು ಸಾಕಿದ ತೆಂಗಿನ ಮರಗಳು ಸುಳಿ ಒಣಗಿ ನಿಂತದ್ದನ್ನು ನಿಮ್ಮ ತಂದೆ ತಾಯಿ ಮರೆತಿರಲಾರರು. 2023ರಲ್ಲಿ ಮತ್ತೆ ರಾಜ್ಯದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಬೇಕಾಯಿತು.

ಬಾವಿ ಆಳವಾದಂತೆ ಇನ್ನೊಂದು ತೊಂದರೆಯೂ ಸೇರಿಕೊಳ್ಳುತ್ತದೆ. ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರಿನಲ್ಲಿ ಲವಣಗಳು ಕರಗಿರುತ್ತವೆ. ಬಯಲುಸೀಮೆಯ ಅನೇಕ ಕಡೆ ಫ್ಲೋರೈಡ್ ಅಂಶವೂ ಇರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗಳು ಬಾಗುತ್ತವೆ. ಈ ನೀರನ್ನು ಕುದಿಸಿದರೆ ದೋಷ ಹೋಗುತ್ತದೆ ಎಂದು ಹಲವರು ನಂಬಿದ್ದಾರೆ. ಅದು ತಪ್ಪು. ಕುದಿಸಿದಾಗ ರೋಗಾಣುಗಳು ಸಾಯುತ್ತವೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ದಟ್ಟವಾಗುತ್ತದೆ.

ಹಾಗಾದರೆ ಒಳ್ಳೆಯ ನೀರೆಲ್ಲಿ? ನಮ್ಮ ಚಾವಣಿಯ ಮೇಲೆಯೇ ಇದೆ. ಒಂದು ಸಣ್ಣ ಲೆಕ್ಕ ಮಾಡೋಣ, ಪೆನ್ಸಿಲು ಹಿಡಿದುಕೊಳ್ಳಿ. ಒಂದು ಚದರ ಮೀಟರ್ ಚಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. 100 ಚದರ ಮೀಟರಿನ ಚಾವಣಿಗೆ 600 ಮಿಲಿಮೀಟರ್ ಮಳೆಯಾದರೆ 60,000 ಲೀಟರ್. ಆವಿಯಾಗಿ, ಸೋರಿ ಹೋದದ್ದನ್ನು ಕಳೆದು ಶೇಕಡಾ 80 ಸಿಕ್ಕಿತೆಂದರೂ 48,000 ಲೀಟರ್. ಐದು ಜನರ ಮನೆಯಲ್ಲಿ ಕುಡಿಯುವುದಕ್ಕೂ ಅಡಿಗೆಗೂ ಒಬ್ಬರಿಗೆ ದಿನಕ್ಕೆ 8 ಲೀಟರಿನಂತೆ 40 ಲೀಟರ್ ಬೇಕು. ವರ್ಷಕ್ಕೆ 14,600 ಲೀಟರ್. ಅಂದರೆ ಮಳೆ ಕಡಿಮೆ ಎಂದು ಹೆಸರಾದ ಕಡೂರಿನಲ್ಲಿಯೂ ಒಂದು ವರ್ಷದ ಮಳೆ ಮೂರು ವರ್ಷಗಳ ಕುಡಿಯುವ ನೀರನ್ನು ಚಾವಣಿಗೆ ತಂದು ಸುರಿಯುತ್ತದೆ. ನಾವು ಅದನ್ನು ಮೋರಿಗೆ ಬಿಟ್ಟು ಟ್ಯಾಂಕರಿಗಾಗಿ ಕಾಯುತ್ತೇವೆ!

ಅಷ್ಟನ್ನೂ ಹಿಡಿದಿಡಬೇಕಾಗಿಲ್ಲ. ಡಿಸೆಂಬರಿನಿಂದ ಏಪ್ರಿಲ್ ಕೊನೆಯವರೆಗಿನ ಒಣ ತಿಂಗಳುಗಳಿಗೆ 150 ದಿನ ಎಂದು ಹಿಡಿದರೆ 6,000 ಲೀಟರ್ ಸಾಕು. ಎರಡು ಮೀಟರ್ ಅಗಲದ, ಎರಡು ಮೀಟರ್ ಎತ್ತರದ ದುಂಡು ತೊಟ್ಟಿಯಲ್ಲಿ ಇಷ್ಟು ನೀರು ನಿಲ್ಲುತ್ತದೆ. ತರೀಕೆರೆಯಲ್ಲಿ ಮೃಗಶಿರ, ಆರಿದ್ರಾ ಮಳೆಗಳಿಂದಲೇ ನೀರು ತುಂಬತೊಡಗುತ್ತದೆ. ಕಡೂರು, ಅಜ್ಜಂಪುರದವರು ಉತ್ತರೆ, ಹಸ್ತ, ಚಿತ್ತೆ ಮಳೆಗಳನ್ನು ನೆಚ್ಚಬೇಕು. ಅವು ಕೆಲವೇ ದಿನ ಬಂದರೂ ಒಮ್ಮೆಲೇ ಸುರಿಯುವ ಮಳೆಗಳು. ಆದುದರಿಂದ ಅಲ್ಲಿ ಕೊಳವೆ ದಪ್ಪನಾಗಿರಬೇಕು, ತೊಟ್ಟಿ ಮುಂಚಿತವಾಗಿಯೇ ತೊಳೆದು ಸಿದ್ಧವಾಗಿರಬೇಕು.

ಕೆಲವು ಎಚ್ಚರಿಕೆಗಳನ್ನು ಮರೆಯಬೇಡಿ. ಮೊದಲ ಮಳೆಯ ನೀರಿನಲ್ಲಿ ಧೂಳು, ಹಕ್ಕಿಗಳ ಹಿಕ್ಕೆ ಇರುತ್ತವೆ, ಅದನ್ನು ಹೊರಗೆ ಬಿಡಬೇಕು. ಆಮೇಲೆ ಬರುವ ನೀರು ಜಲ್ಲಿ, ಇದ್ದಿಲು, ಮರಳಿನ ಪದರಗಳಲ್ಲಿ ಸೋಸಿ ತೊಟ್ಟಿಗೆ ಇಳಿಯಬೇಕು. ತೊಟ್ಟಿಗೆ ಬೆಳಕು ಬೀಳಬಾರದು, ಬಿದ್ದರೆ ಪಾಚಿ ಕಟ್ಟುತ್ತದೆ. ಸೊಳ್ಳೆ ಹೋಗುವಷ್ಟು ಸಂದಿಯೂ ಇರಬಾರದು, ಇದ್ದರೆ ಡೆಂಗಿ ಜ್ವರಕ್ಕೆ ನಾವೇ ಬಾಗಿಲು ತೆರೆದಂತೆ. ಆಸ್ಬೆಸ್ಟಾಸ್ ಶೀಟಿನ ಮೇಲಿನ ನೀರನ್ನು ಕುಡಿಯಲು ಹಿಡಿಯುವುದು ಬೇಡ. ಕುಡಿಯುವ ಮುನ್ನ ಕುದಿಸಿ ಆರಿಸುವ ರೂಢಿ ಇರಲಿ.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿಯಾಗಿದ್ದ ಎ.ಆರ್. ಶಿವಕುಮಾರ್ ಅವರು ಬೆಂಗಳೂರಿನ ತಮ್ಮ ಮನೆಯನ್ನು 1990ರ ದಶಕದಿಂದ ಮಳೆನೀರಿನಿಂದಲೇ ನಡೆಸಿ ತೋರಿಸಿದರು. 2009ರಲ್ಲಿ ಬೆಂಗಳೂರಿನಲ್ಲಿ ಮಳೆಕೊಯ್ಲನ್ನು ಕಾನೂನಿನಿಂದಲೇ ಕಡ್ಡಾಯ ಮಾಡಲಾಯಿತು. ಬಯಲುಸೀಮೆಯ ನಮಗೆ ಕಾನೂನು ಬೇಕೇ? ನಮ್ಮ ಬಾಯಾರಿಕೆಯೇ ಸಾಲದೇ?

ಒಲೆಯ ಹೊಗೆ

ಹಳೆಯದೆಲ್ಲ ಒಳ್ಳೆಯದು ಎಂಬ ಭ್ರಮೆ ನಮಗೆ ಬೇಡ. ಹಳೆಯ ಮನೆಯ ಗೋಡೆ ತಂಪಾಗಿತ್ತು ನಿಜ, ಆದರೆ ಅಡಿಗೆಮನೆ ಹೊಗೆಯ ಗೂಡಾಗಿತ್ತು. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಹತ್ತನೆಯ ಒಂದು ಪಾಲು ಮಾತ್ರ ಪಾತ್ರೆಗೆ ತಲಪುತ್ತದೆ. ಉಳಿದದ್ದು ಗಾಳಿಪಾಲು. ಹೊಗೆಯಾದರೋ ಒಲೆಯ ಮುಂದೆ ಕುಳಿತವರ ಶ್ವಾಸಕೋಶದ ಪಾಲು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಇದರ ಹೆಚ್ಚಿನ ಭಾರ ಹೊತ್ತವರು ಹೆಂಗಸರು ಮತ್ತು ಅವರ ಸೆರಗು ಹಿಡಿದ ಮಕ್ಕಳು. ಅಜ್ಜಿಯ ಕೆಮ್ಮನ್ನು ವಯಸ್ಸಿನ ಕೆಮ್ಮು ಎಂದು ನಾವು ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದು ಒಲೆಯ ಕೆಮ್ಮು.

ಹಿಂದೆ ಹೇಳಿದ ಅಸ್ತ್ರ ಕೇಂದ್ರದವರೇ 1980ರ ದಶಕದಲ್ಲಿ ‘ಅಸ್ತ್ರ ಒಲೆ’ಯನ್ನು ರೂಪಿಸಿದರು. ಕೆಳಗೆ ಜಾಲರಿ, ಸುತ್ತ ಮುಚ್ಚಿದ ಉರಿಗೂಡು, ಒಂದೇ ಉರಿಗೆ ಸಾಲಾಗಿ ಮೂರು ಪಾತ್ರೆ, ಕೊನೆಯಲ್ಲಿ ಹೊಗೆ ಕೊಳವೆ. ಸೌದೆ ಸುಮಾರು ಅರ್ಧಕ್ಕೆ ಇಳಿಯಿತು, ಹೊಗೆ ಹೊರಗೆ ಹೋಯಿತು. ಇಂದು ಅಡಿಗೆಗೆ ಗ್ಯಾಸ್ ಸಿಲಿಂಡರ್ ಬಹುಪಾಲು ಮನೆಗಳನ್ನು ತಲಪಿದೆ. ಆದರೆ ಬಚ್ಚಲಿನ ಹಂಡೆಯ ಒಲೆ? ಅದು ಇನ್ನೂ ಸೌದೆಯನ್ನೇ ನುಂಗುತ್ತಿದೆ. ಕಡೂರಿನ ಕಡೆ ತೆಂಗಿನ ಮಟ್ಟೆ, ಗರಿ, ಕರಟ ಇವು ತೋಟದಲ್ಲಿಯೇ ಸಿಗುವ ಉರುವಲು, ಮರ ಕಡಿಯಬೇಕಾಗಿಲ್ಲ. ಆ ಒಲೆಗೂ ಒಂದು ಜಾಲರಿ, ಒಂದು ಹೊಗೆ ಕೊಳವೆ ಕೂಡಿಸಿದರೆ ಅರ್ಧ ಉರುವಲಿನಲ್ಲಿ ಹಂಡೆ ಕಾಯುತ್ತದೆ.

ಅನುಕೂಲವಿದ್ದವರು ಸೂರ್ಯನ ಶಾಖದಿಂದ ನೀರು ಕಾಯಿಸುವ ಸೋಲಾರ್ ಹೀಟರ್ ಹಾಕಿಸಬಹುದು. ಆದರೆ ಕೊಳವೆಬಾವಿಯ ಗಡಸು ನೀರಿಗೆ ಅದರ ಕೊಳವೆಗಳಲ್ಲಿ ಸುಣ್ಣದಂತೆ ಬಿಳಿ ಪದರ ಕಟ್ಟಿಕೊಳ್ಳುತ್ತದೆ. ಮಳೆನೀರಿಗೆ ಈ ದೋಷವಿಲ್ಲ. ಮನೆಯ ಒಂದು ಸುಧಾರಣೆ ಇನ್ನೊಂದಕ್ಕೆ ಹೇಗೆ ಕೈಹಿಡಿಯುತ್ತದೆ ಎಂಬುದನ್ನು ಇಲ್ಲಿ ಗಮನಿಸಿ.

ಗೋಬರ್ ಅನಿಲದ ಮಾತನ್ನೂ ಹೇಳಬೇಕು. ಅಜ್ಜಂಪುರ ಎಂದರೆ ಅಮೃತಮಹಲ್ ತಳಿಯ ಹೆಸರುವಾಸಿ ಜಾನುವಾರು ಸಂವರ್ಧನಾ ಕೇಂದ್ರವಿರುವ ಊರು. ದನಕರುಗಳಿಗೆ ಅಲ್ಲಿ ಹಳೆಯ ಮರ್ಯಾದೆಯಿದೆ. ನಾಲ್ಕೈದು ರಾಸುಗಳಿದ್ದ ಮನೆಯಲ್ಲಿ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೆರೆಸಿದರೆ ಎರಡು ಘನ ಮೀಟರ್ ಅನಿಲ ಬರುತ್ತದೆ. ಒಂದು ಸಂಸಾರದ ಅಡಿಗೆಗೆ ಅದು ಸಾಕು. ಹೊರಬರುವ ಬಗ್ಗಡ ಉತ್ತಮ ಗೊಬ್ಬರ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ 1987ರಲ್ಲಿ ಊರಿಗೆಲ್ಲ ಸೇರಿದ ಒಂದು ಗೋಬರ್ ಸ್ಥಾವರದಿಂದ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಿದ ಉದಾಹರಣೆಯಿದೆ. ಆದರೆ ಒಂದೇ ಹಸು ಇರುವ ಮನೆಗೆ ಇದು ನಡೆಯುವುದಿಲ್ಲ. ರಾಸು ಮಾರಿದ ಮೇಲೆ ಬರಿದಾಗಿ ನಿಂತ ಗುಂಡಿಯಿಂದ ಯಾರಿಗೂ ಪ್ರಯೋಜನವಿಲ್ಲ. ಇರುವುದನ್ನು ನೋಡಿಕೊಂಡು ಯೋಜನೆ ಮಾಡುವುದೇ ಜಾಣತನ.

ದೀಪ ಮತ್ತು ಪಂಪು

2023ರ ಆಗಸ್ಟಿನಿಂದ ರಾಜ್ಯದಲ್ಲಿ ಗೃಹಜ್ಯೋತಿ ಯೋಜನೆಯ ಮೂಲಕ 200 ಯೂನಿಟ್‌ವರೆಗೆ ಮನೆಗಳಿಗೆ ಉಚಿತ ವಿದ್ಯುತ್ ಸಿಗುತ್ತಿದೆ. ಬಡ ಸಂಸಾರಗಳಿಗೆ ಇದು ದೊಡ್ಡ ನೆರವು. ಆದರೆ ಬಿಲ್ಲು ಸೊನ್ನೆಯಾದ ಮಾತ್ರಕ್ಕೆ ಉರಿದ ಕಲ್ಲಿದ್ದಲು ಸೊನ್ನೆಯಾಗುವುದಿಲ್ಲ. ನಮ್ಮ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 700 ಗ್ರಾಮಿನಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಹಳೆಯ 60 ವ್ಯಾಟಿನ ಬಲ್ಬು ಕೊಡುವ ಬೆಳಕನ್ನು 9 ವ್ಯಾಟಿನ ಎಲ್.ಇ.ಡಿ. ಕೊಡುತ್ತದೆ. ಹಳೆಯ ಫ್ಯಾನು 75 ವ್ಯಾಟ್ ಎಳೆದರೆ, ಹೊಸ ಬಗೆಯ ಫ್ಯಾನು 30 ವ್ಯಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಬೀಸುತ್ತದೆ.

ಭೌತಶಾಸ್ತ್ರ ಓದುವವರಿಗೆ ಒಂದು ಪ್ರಶ್ನೆ. 1,000 ಲೀಟರ್ ನೀರನ್ನು 200 ಮೀಟರ್ ಆಳದಿಂದ ಎತ್ತಲು ಎಷ್ಟು ಶಕ್ತಿ ಬೇಕು? ರಾಶಿ, ಗುರುತ್ವ, ಎತ್ತರ ಮೂರನ್ನೂ ಗುಣಿಸಿದರೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಹೆಚ್ಚು ಬರುತ್ತದೆ. ಪಂಪಿನ ನಷ್ಟ ಸೇರಿದರೆ ಅದು ಒಂದು ಯೂನಿಟ್ ದಾಟುತ್ತದೆ. ಹಾಗಾದರೆ ಸೋರುವ ನಲ್ಲಿಯಲ್ಲಿ ನೀರಿನ ಜೊತೆಗೆ ವಿದ್ಯುತ್ತೂ ಸೋರುತ್ತಿದೆ ಎಂದಾಯಿತು. ನೀರು ಉಳಿಸುವವನು ವಿದ್ಯುತ್ತನ್ನೂ ಉಳಿಸುತ್ತಾನೆ.

ಬಚ್ಚಲ ನೀರು, ಮನೆಯ ಕಸ

ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ ಐದು ಜನರ ಮನೆಯಲ್ಲಿ ದಿನಕ್ಕೆ 300 ಲೀಟರ್ ನೀರು ಸುಲಭವಾಗಿ ಖರ್ಚಾಗುತ್ತದೆ. ಹನಿ ನೀರಾವರಿಯಲ್ಲಿ ಒಂದು ತೆಂಗಿನ ಮರಕ್ಕೆ ದಿನಕ್ಕೆ 50 ಲೀಟರ್ ಕೊಟ್ಟರೂ ಈ ಬಚ್ಚಲ ನೀರು ಆರು ಮರಗಳನ್ನು ಬದುಕಿಸಬಲ್ಲದು. ಹಿತ್ತಿಲಿನ ಬಾಳೆ, ಕೆಸು, ತೆಂಗಿಗೆ ಬಚ್ಚಲ ನೀರು ಹರಿಸುವುದು ನಮ್ಮ ಹಳ್ಳಿಗಳ ಹಳೆಯ ಪದ್ಧತಿ. ಸೋಪಿನ ಪುಡಿಯನ್ನು ಹಿತಮಿತವಾಗಿ ಬಳಸಿ, ನಡುವೆ ಜಲ್ಲಿ ಮರಳಿನ ಒಂದು ಗುಂಡಿ ಮಾಡಿ ಆ ಪದ್ಧತಿಯನ್ನು ಮುಂದುವರಿಸಬಹುದು.

ಇನ್ನು ಕಸ. ತರೀಕೆರೆಯ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಸಿಪ್ಪೆಯನ್ನು ರಸ್ತೆಯ ಅಂಚಿಗೆ ಸುರಿದು ಬೆಂಕಿ ಹಚ್ಚುವುದುಂಟು. ಅದು ದಿನಗಟ್ಟಲೆ ಹೊಗೆಯಾಡುತ್ತದೆ, ದಾರಿಹೋಕರ ಕಣ್ಣು ಉರಿಯುತ್ತದೆ. ಅಡಿಕೆ ಸಿಪ್ಪೆ ಬೇಗ ಕೊಳೆಯದು ನಿಜ. ಆದರೆ ಸಗಣಿಯ ಬಗ್ಗಡ, ಹಸಿರು ಸೊಪ್ಪು ಪದರ ಪದರವಾಗಿ ಹಾಕಿ ತೇವ ಆರದಂತೆ ನೋಡಿಕೊಂಡರೆ ಕೆಲವು ತಿಂಗಳಲ್ಲಿ ಗೊಬ್ಬರವಾಗಿ ಮತ್ತೆ ತೋಟಕ್ಕೇ ಹೋಗುತ್ತದೆ. ಅಡಿಕೆ ಹಾಳೆಯ ತಟ್ಟೆ ಮದುವೆ ಮನೆಯಲ್ಲಿ ಪ್ಲಾಸ್ಟಿಕ್ ತಟ್ಟೆಯ ಜಾಗಕ್ಕೆ ಬಂದಿರುವುದು ಸಂತೋಷದ ಸಂಗತಿ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ದೇಶದಲ್ಲೆಲ್ಲ ನಿಷೇಧಿಸಲಾಗಿದೆ. ಹಾಲಿನ ಕವರನ್ನು ಹಂಡೆಯ ಒಲೆಗೆ ಹಾಕುವ ಅಭ್ಯಾಸ ನಿಮ್ಮ ಮನೆಯಲ್ಲಿದ್ದರೆ ಇಂದೇ ತಡೆಯಿರಿ. ಪ್ಲಾಸ್ಟಿಕ್ಕಿನ ಹೊಗೆ ವಿಷದ ಹೊಗೆ.

ನೀವು ಮಾಡಬಹುದಾದ ಕೆಲಸ

ಮನೆ ಕಟ್ಟುವವರು ದೊಡ್ಡವರು, ನಮ್ಮ ಮಾತು ಯಾರು ಕೇಳುತ್ತಾರೆ ಎಂದು ನೀವು ಅನ್ನಬಹುದು. ಬರಿಯ ಉಪದೇಶವನ್ನು ಯಾರೂ ಕೇಳುವುದಿಲ್ಲ. ಲೆಕ್ಕವನ್ನು ಕೇಳುತ್ತಾರೆ. ಮುಂದಿನ ಭಾನುವಾರ ಅಳತೆಯ ಟೇಪು ಹಿಡಿದು ನಿಮ್ಮ ಮನೆಯ ಚಾವಣಿಯ ಉದ್ದ ಅಗಲ ಅಳೆಯಿರಿ. ನೇರ ಅಂಚಿನ ಒಂದು ಡಬ್ಬಿಯನ್ನು ಬಯಲಿನಲ್ಲಿಟ್ಟು ಪ್ರತಿ ಮಳೆಯನ್ನೂ ಸ್ಕೇಲಿನಿಂದ ಅಳೆದು ಬರೆದಿಡಿ. ವಾರಕ್ಕೊಮ್ಮೆ ವಿದ್ಯುತ್ ಮೀಟರು ಓದಿ. ಒಂದು ವಾರದ ಹಸಿ ಕಸ, ಒಣ ಕಸ ಬೇರೆ ಮಾಡಿ ತೂಗಿ. ಹಂಡೆಗೆ ಎಷ್ಟು ಸೌದೆ ಹೋಗುತ್ತದೆ ಎಂದು ನೋಡಿ. ಈ ಅಂಕಿಗಳನ್ನು ಒಂದು ಹಾಳೆಯ ಮೇಲೆ ಬರೆದು ಅಪ್ಪ ಅಮ್ಮನ ಮುಂದೆ ಇಡಿ. “ಅಪ್ಪಾ, ಹೋದ ವರ್ಷ ನಮ್ಮ ಚಾವಣಿಯಿಂದ ಇಷ್ಟು ಸಾವಿರ ಲೀಟರ್ ನೀರು ಚರಂಡಿಗೆ ಹೋಯಿತು” ಎಂದು ಮಗಳು ಲೆಕ್ಕ ಸಮೇತ ಹೇಳಿದರೆ ಕೇಳದ ತಂದೆ ಇರಲಾರ.

ಎಲ್ಲವನ್ನೂ ಒಂದೇ ವರ್ಷದಲ್ಲಿ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಕಡೂರಿನ ಮನೆ ನೀರಿನ ತೊಟ್ಟಿಯಿಂದ ಆರಂಭಿಸಲಿ. ತರೀಕೆರೆಯ ಮನೆ ಸಿಪ್ಪೆಯ ಗೊಬ್ಬರದ ಗುಂಡಿಯಿಂದ ಆರಂಭಿಸಲಿ. ಅಜ್ಜಂಪುರದ ಮನೆ ಚಾವಣಿಗೆ ಸುಣ್ಣ ಹೊಡೆಯುವುದರಿಂದ ಆರಂಭಿಸಲಿ. ಭದ್ರಾ ಮೇಲ್ದಂಡೆ ಯೋಜನೆಯ ನೀರು ಚಿತ್ರದುರ್ಗ, ತುಮಕೂರಿನ ಕಡೆಗೆ ಹರಿಯಲೆಂದು ಅಜ್ಜಂಪುರದ ಬಳಿ ಸುಮಾರು 7 ಕಿಲೋಮೀಟರ್ ಉದ್ದದ ಸುರಂಗವನ್ನೇ ಕೊರೆದಿದ್ದಾರೆ. ಅಂಥ ದೊಡ್ಡ ಕೆಲಸಗಳನ್ನು ಸರ್ಕಾರ ಮಾಡಬೇಕು. ಸೂರಿನ ನೀರನ್ನು ತೊಟ್ಟಿಗೆ ತಿರುಗಿಸುವ ಹತ್ತು ಅಡಿಯ ಕೊಳವೆಯನ್ನು ಮಾತ್ರ ನಾವೇ ಹಾಕಬೇಕು. ಈ ಸಲದ ಮುಂಗಾರಿಗೆ ಮೊದಲು ನಿಮ್ಮ ಮನೆಗೆ ಆ ಕೊಳವೆ ಬರಲಿ ಎಂದು ಹಾರೈಸಿ ನನ್ನ ಮಾತನ್ನು ಮುಗಿಸುತ್ತೇನೆ.